ಕೀಳದೆ ಬರೆದ ದಾಳಿಂಬೆ ಹೂವು

ನಮ್ಮಪ್ಪ ಬರೆದ ಹೂವು ಒಂದೂ ಬಾಡಲಿಲ್ಲ. ನಾನು ಹುಟ್ಟುವ ಮೊದಲೇ ಬರೆದ ಸೇವಂತಿಗೆಯೊಂದು ಅಡುಗೆಮನೆ ಬಾಗಿಲ ಮೇಲೆ ಇನ್ನೂ ಹಳದಿಯಾಗಿ ಕೂತಿದೆ. ಬಚ್ಚಲಿಗೆ ಹೋಗುವ ದಾರಿಯುದ್ದಕ್ಕೂ ದಾಸವಾಳ, ಹೊಲಿಗೆ ಮಷೀನಿನ ಮೇಲುಗಡೆ ಎರಡು ಸಾಲು ಕಮಲ, ದೇವರ ಗೂಡಿನ ಪಕ್ಕ ಸಂಪಿಗೆ. ಬರೆದ ದಿನ ಹೇಗಿದ್ದವೋ ಇವತ್ತೂ ಹಾಗೇ ಇವೆ. ನಮ್ಮೂರಿನಲ್ಲಿ ಗೋಡೆ ತುಂಬ ಹೂವಿದ್ದರೆ ಅದು ಕೈ ಬಾರದವರ ಮನೆ. ಕೈ ಬಂದವರ ಗೋಡೆಯ ಮೇಲೆ ಇರುವುದು ಮರದ ಚೌಕಟ್ಟು, ಒಳಗೆ ಖಾಲಿ ಹಾಳೆ, ಕೆಳಗೆ ಉದುರು ಹಿಡಿಯಲು ಹೊಡೆದ ಕಿರಿದಾದ ಹಲಗೆ. ಉದುರು ಅಂದರೆ ಬಾಡಿದ ಚಿತ್ರದಿಂದ ಕೆಳಗೆ ಬಿದ್ದ ಬಣ್ಣದ ಪುಡಿ. ಅದನ್ನು ಗುಡಿಸಿ, ಗೋಂದು ಕಲಸಿ, ಮತ್ತೆ ಬಳಸುತ್ತಾರೆ.

ಸರಿಯಾಗಿ ನೋಡಿ ಬರೆದ ಹೂವು, ಎದುರಿಗಿಟ್ಟುಕೊಂಡ ಹೂವು ಬಾಡಿದಾಗ ತಾನೂ ಬಾಡುತ್ತದೆ. ಅಂದಾಜಿನಲ್ಲಿ ಬರೆದದ್ದು ಉಳಿಯುತ್ತದೆ. ಮಕ್ಕಳಿಗೆ ಮಗ್ಗಿಗಿಂತ ಮೊದಲು ಇದನ್ನು ಬಾಯಿಪಾಠ ಮಾಡಿಸುತ್ತಾರೆ: ಪಾರಿಜಾತ ಬಿಸಿಲು ಬರೋ ತನಕ, ದಾಸವಾಳ ದೀಪ ಹಚ್ಚೋ ತನಕ, ಮಲ್ಲಿಗೆ ಮಾರನೆ ದಿನದ ತನಕ, ಸೇವಂತಿಗೆ ಸಂತೆಯಿಂದ ಸಂತೆ ತನಕ. ಮದುವೆ ಪತ್ರಿಕೆಯ ಮೇಲೆ ಹೂವು ಬರೆಸುವವರು ನೆಂಟರ ಊರು ಎಷ್ಟು ದೂರ ಎಂದು ನೋಡಿಕೊಂಡು ಹೂವನ್ನು ಆರಿಸುತ್ತಾರೆ. ಪತ್ರಿಕೆ ಕೈಗೆ ಸಿಗುವ ಮೊದಲೇ ಉದುರಿಬಿಟ್ಟರೆ ಹಿರಿಯರು ಮುನಿಸಿಕೊಳ್ಳುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲ್ ಬೋರ್ಡಿನಲ್ಲಿರುವ ತಾವರೆ ಇಪ್ಪತ್ತೆರಡು ವರ್ಷದಿಂದ ಅರಳಿಕೊಂಡೇ ಇದೆ. ಅದನ್ನು ಬರೆದವನು ಆ ದಾರಿಯಲ್ಲಿ ಓಡಾಡುವುದಿಲ್ಲ.

ಅಪ್ಪನಿಗೆ ಇಂಥ ನಾಚಿಕೆ ಇರಲಿಲ್ಲ. ಊರಿಗೆಲ್ಲ ದರ್ಜಿ ಬೋರಲಿಂಗಪ್ಪ ಎಂದೇ ಗೊತ್ತು. ದಿನಾ ಬೆಳಗ್ಗೆ ಮಷೀನಿನ ಮುಚ್ಚಳ ತೆಗೆಯುವ ಮೊದಲು ಹಿತ್ತಲಿನಿಂದ ಒಂದು ಹೂವು ಕಿತ್ತು, ಹಿತ್ತಾಳೆ ಲೋಟದಲ್ಲಿ ನೀರಿಗಿಟ್ಟು, ಒಂದು ಗಂಟೆ ಬರೆಯುತ್ತಿದ್ದ. ಹೂವು ಬರೆಯುವವರೆಲ್ಲ ನಮ್ಮೂರಿನಲ್ಲಿ ಹೀಗೇ ಮಾಡುವುದು. ಕೀಳಬೇಕು, ಲೋಟಕ್ಕಿಡಬೇಕು, ಎದುರು ಕೂರಬೇಕು. ಬೇರೆ ರೀತಿ ಇದೆಯೆಂದು ಯಾರೂ ಯೋಚಿಸಿರಲಿಲ್ಲ.

“ಅಪ್ಪಾ, ಐದೂ ದಳ ಒಂದೇ ಅಳತೆ ಬರ್ದಿದೀಯಲ್ಲ. ಹೂವಿನಲ್ಲಿ ಹಂಗಿಲ್ಲ ನೋಡು. ಈ ದಳ ಮಡಚಿಕೊಂಡಿದೆ” ಎಂದು ನಾನು ಚಿಕ್ಕವಳಿದ್ದಾಗಲೇ ಹೇಳಿದ್ದೆ.

“ಮಡಚಿದ್ದನ್ನ ಇಸ್ತ್ರಿ ಮಾಡಿದೀನಿ ಕಣೆ. ದರ್ಜಿ ಕೈ, ಏನ್ಮಾಡೋದು.”

“ಹಂಗಾದ್ರೆ ಅದು ಬಾಡಲ್ಲ.”

“ಬಾಡದಿದ್ರೆ ಬೇಡ ಬಿಡು. ಬರೀತಾ ಕೂತ್ರೆ ಒಂದು ಗಂಟೆ ಯಾರ ಬ್ಲೌಸೂ ಜ್ಞಾಪಕಕ್ಕೆ ಬರಲ್ಲ. ನಂಗಷ್ಟು ಸಾಕು.”

ಮನೆಗೆ ಬಂದವರು ಗೋಡೆ ನೋಡಿ ನಗುವುದನ್ನು ಅವ್ವ ಸಹಿಸಿಕೊಂಡಳು. ನನಗೆ ಆಗಲಿಲ್ಲ. ನನ್ನ ಹೂವು ಬಾಡಬೇಕೆಂದು ಹಟ ಹಿಡಿದು ನೋಡಿದೆ, ಬರೆದೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಬರೆದ ನಂದಿಬಟ್ಟಲು ಮಾರನೆ ದಿನ ಮಧ್ಯಾಹ್ನ ಕಂದಿ ಉದುರಿದಾಗ ಹಲಗೆಯ ಮೇಲಿನ ಚಿಟಿಕೆ ಪುಡಿಯನ್ನು ಬೆಂಕಿಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡಿದ್ದೆ.

ಡಿಗ್ರಿಗೆಂದು ಮೂರು ವರ್ಷ ಬೇರೆ ಊರಿನ ಹಾಸ್ಟೆಲಿನಲ್ಲಿದ್ದೆ. ಅಲ್ಲಿ ಯಾರು ಬರೆದರೂ ಹೂವು ಹಾಳೆಯ ಮೇಲೆ ಹಾಗೇ ಇರುತ್ತಿತ್ತು, ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ. ಹಾಸ್ಟೆಲಿನ ಲೈಬ್ರರಿ ಕಿಟಕಿಯಿಂದ ಕಾಣುವ ಒಂದು ತೋಟವಿತ್ತು. ಹೂ ಕಿತ್ತರೆ ಊಟ ಬಂದ್ ಎಂದು ವಾರ್ಡನ್ ಬೋರ್ಡು ನೆಟ್ಟಿದ್ದರು. ಕೀಳುವ ಹಾಗಿಲ್ಲವಲ್ಲ, ಅದಕ್ಕೆ ಗಿಡದ ಬುಡದಲ್ಲಿ ಇಟ್ಟಿಗೆ ಹಾಕಿಕೊಂಡು ಕೂತೇ ಬರೆಯುವುದನ್ನು ಕಲಿತೆ. ಕಷ್ಟವಿತ್ತು. ಗಾಳಿಗೆ ಹೂವು ತಲೆ ತಿರುಗಿಸುತ್ತದೆ. ಬಿಸಿಲು ಸರಿಯುತ್ತದೆ. ಇರುವೆ ಬಂದು ಹೋಗುತ್ತದೆ. ಆದರೂ ಒಂದು ವಾರ ರೂಢಿಯಾದ ಮೇಲೆ ಲೋಟದ ಹೂವು ಸಪ್ಪೆ ಅನ್ನಿಸತೊಡಗಿತು.

ರೂಮಿನ ಹುಡುಗಿಯರು ಅದರಲ್ಲೇನಿದೆ ಎಂದು ಕೇಳುತ್ತಿದ್ದರು. ಏನಿದೆ ಅಂದರೆ, ಕೆಂಪು ದಾಸವಾಳ ಎಂದು ಎಲ್ಲರೂ ಹೇಳುತ್ತಾರೆ. ಕೂತು ನೋಡಿದರೆ ಅದರಲ್ಲಿ ಕೆಂಪು ಇರುವುದು ಸ್ವಲ್ಪವೇ. ಬುಡದಲ್ಲಿ ನೇರಳೆ, ಬೆಳಕು ಹಾಯುವಲ್ಲಿ ಕಿತ್ತಳೆ, ಅಂಚಿನಲ್ಲಿ ಬಣ್ಣವೇ ಇಲ್ಲದ ಒಂದು ಗೆರೆ. ಮಲ್ಲಿಗೆ ಬರೆಯಬೇಕಾದರೆ ಮಲ್ಲಿಗೆಯನ್ನು ಬಿಟ್ಟು ಅದರ ನೆರಳನ್ನಷ್ಟೇ ಬರೆಯಬೇಕು, ಬಿಳುಪು ಹಾಳೆಯಿಂದಲೇ ಬರುತ್ತದೆ. ನನಗೆ ಗೊತ್ತಿದೆ ಅಂದುಕೊಂಡಿದ್ದು ಗೊತ್ತಿಲ್ಲ ಎಂದು ದಿನಾ ಒಂದು ಗಂಟೆ ಯಾರೋ ಸಮಾಧಾನವಾಗಿ ತಿದ್ದಿ ಹೇಳಿದ ಹಾಗೆ. ಬೈಗುಳವಿಲ್ಲ, ಮಾರ್ಕ್ಸ್ ಇಲ್ಲ. ಇಷ್ಟನ್ನೂ ಹುಡುಗಿಯರಿಗೆ ಹೇಳಲಿಲ್ಲ. “ಸುಮ್ನೆ, ಟೈಮ್‌ಪಾಸು” ಎಂದಿದ್ದೆ.

ಊರಿಗೆ ಮರಳಿದಾಗ ಅವ್ವ ಅಗರಬತ್ತಿ ಶೆಡ್ಡಿನಲ್ಲಿ ನನ್ನ ಹೆಸರು ಹೇಳಿಟ್ಟಿದ್ದಳು. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರೂವರೆಗೆ ಬಿಡುತ್ತಾರೆ. ಬತ್ತಿ ಹೊಸೆದೂ ಹೊಸೆದೂ ಬೆರಳಿನ ಸಂದುಗಳು ಕಪ್ಪಾಗಿ ಒಡೆಯುತ್ತವೆ. ಅವ್ವನ ಕೈ ನೋಡಿದರೆ ತಿಳಿಯುತ್ತದೆ, ಅಂಥ ಕೈಯಲ್ಲಿ ಸಣ್ಣ ಬ್ರಷ್ ನಿಲ್ಲುವುದಿಲ್ಲ. ಹಗಲಿನ ಬೆಳಕೆಲ್ಲ ಶೆಡ್ಡಿನೊಳಗೇ ಮುಗಿಯುತ್ತದೆ. ಅದೇ ತಿಂಗಳು ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವೀರಭದ್ರಾಚಾರ್ ನಿವೃತ್ತರಾದರು. ನನಗೆ ಆ ಕೆಲಸ ಬೇಕಿತ್ತು. ಇನ್ಯಾವುದೂ ಅಷ್ಟು ಬೇಕೆನಿಸಿರಲಿಲ್ಲ.

ಪರೀಕ್ಷೆಗೆ ನಿಂತವರು ಇಬ್ಬರೇ. ನಾನು ಮತ್ತು ವಿಮಲಾಕ್ಷಿ. ವಿಮಲಿ ಹೈಸ್ಕೂಲಿನಲ್ಲಿ ನನ್ನ ಪಕ್ಕದ ಬೆಂಚಿನವಳು. ತಂದೆ ಇಲ್ಲ, ತಾಯಿ ಕಲ್ಯಾಣಮಂಟಪದಲ್ಲಿ ಅಡುಗೆ ಸಹಾಯಕ್ಕೆ ಹೋಗುತ್ತಾರೆ, ಕೆಳಗೆ ಇಬ್ಬರು ತಂಗಿಯರು. ಅವಳ ಕೈ ಒಳ್ಳೆಯ ಕೈ. ಅವಳ ಮನೆ ಗೋಡೆಯಲ್ಲಿ ಒಂದು ಹೂವೂ ಇಲ್ಲ.

ನಿಯಮ ಹಳೆಯದು. ಇಬ್ಬರೂ ಶಾಲೆಯ ಅಂಗಳದಲ್ಲಿ ಇಷ್ಟಬಂದ ಹೂವು ಬರೆಯಬೇಕು. ಚಿತ್ರಗಳನ್ನು ಜಗಲಿಯಲ್ಲಿ ತೂಗುಹಾಕುತ್ತಾರೆ. ಎಂಟನೇ ದಿನ ಮೇಷ್ಟ್ರೂ ಹೆಡ್‌ಮಿಸ್ ಶಕುಂತಳಾ ಮೇಡಮ್ಮೂ ಬಂದು ನೋಡುತ್ತಾರೆ. ಹೂವಿನ ಆಯಸ್ಸಿಗೆ ತಕ್ಕಂತೆ ಬಾಡಿ ಉದುರಿದ್ದರೆ ಕೆಲಸ. ಇಬ್ಬರದೂ ಬಾಡಿದರೆ ಚೀಟಿ ಎತ್ತುತ್ತಾರೆ.

ವಿಮಲಿ ಕೆಂಪು ದಾಸವಾಳ ಕಿತ್ತು ಲೋಟಕ್ಕಿಟ್ಟುಕೊಂಡು ಜಗಲಿಯ ನೆರಳಿನಲ್ಲಿ ಕೂತಳು. ನಾನು ಕಾಂಪೌಂಡಿನ ಮೂಲೆಯ ದಾಳಿಂಬೆ ಗಿಡದ ಹತ್ತಿರ ಹೋದೆ. ಒಂದು ಹೂವು ನನ್ನ ಮೂಗಿನ ಎತ್ತರಕ್ಕೇ ಇತ್ತು. ದಳಗಳನ್ನು ಬುಡದಲ್ಲಿ ಹಿಡಿದುಕೊಂಡ ಹೊರಗಿನ ತೊಟ್ಟಿಲು ಮೇಣ ಸವರಿದ ಹಾಗೆ ದಪ್ಪ, ಗಟ್ಟಿ. ಒಳಗಿನ ದಳಗಳು ಪೆಟ್ಟಿಗೆಯಲ್ಲಿ ತುರುಕಿದ್ದ ರೇಷ್ಮೆ ಚೂರನ್ನು ಆಗತಾನೆ ಹೊರಗೆಳೆದಂತೆ ಸುಕ್ಕುಸುಕ್ಕು. ಒಂದೇ ಕೆಂಪು ಎರಡು ಬಟ್ಟೆಯಲ್ಲಿ. ಅದನ್ನು ನೋಡಿದ ಮೇಲೆ ಬೇರೆ ಹೂವು ಹುಡುಕುವ ಮನಸ್ಸಾಗಲಿಲ್ಲ.

“ಕಿತ್ಕೊಂಡು ಬಾರಮ್ಮ ಇಂದ್ರಾಣಿ, ಬಿಸಿಲಲ್ಲಿ ಯಾಕೆ ಕೂತ್ಕೋತೀಯ?” ಶಕುಂತಳಾ ಮೇಡಮ್ ಕೂಗಿದರು.

“ಇಲ್ಲೇ ಸರಿ ಮೇಡಮ್.”

“ಹಾಸ್ಟೆಲ್‌ಗೆ ಹೋಗಿ ಬಂದ ಮೇಲೆ ಇವಳದ್ದು ಎಲ್ಲಾ ವಿಚಿತ್ರ” ಎಂದಳು ವಿಮಲಿ, ನನಗೆ ಕೇಳುವ ಹಾಗೆಯೇ. “ಹೂವಿಗೆ ಕೊಡೆ ಹಿಡೀಲಾ ಕಣೆ?”

“ನಿನ್ನ ಹೂವಿಗೆ ಹಿಡಿ. ಆಗಲೇ ತಲೆ ಬಗ್ಗಿಸ್ತಿದೆ.”

ಮೂರೂವರೆ ಗಂಟೆ ಬರೆದೆ. ತೊಟ್ಟಿಲಿನ ಹೊಳಪಿಗೆ ಹಾಳೆಯ ಬಿಳಿಯನ್ನು ಸೂಜಿಮೊನೆಯಷ್ಟು ಬಿಟ್ಟೆ. ಸುಕ್ಕಿನ ಒಳಗಿನ ಕಪ್ಪುಗೆಂಪಿಗೆ ಹಸಿರು ಬೆರೆಸಬೇಕೆಂದು ಆ ದಿನವೇ ಗೊತ್ತಾದದ್ದು. ಮಧ್ಯೆ ಯಾರೋ ನೀರು ತಂದಿಟ್ಟು ಹೋಗಿದ್ದರು, ಯಾರೆಂದು ನೋಡಿರಲಿಲ್ಲ. ಎದ್ದಾಗ ಮಂಡಿ ಹಿಡಿದುಕೊಂಡಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆ ಬರೆದಿರಲಿಲ್ಲ.

ವಿಮಲಿಯ ದಾಸವಾಳ ಅವತ್ತೇ ದೀಪ ಹಚ್ಚುವ ಹೊತ್ತಿಗೆ ಮುದುಡಿ, ಬೆಳಗಾಗುವಷ್ಟರಲ್ಲಿ ಉದುರಿತು. ನನ್ನದಕ್ಕೆ ನಾಲ್ಕು ದಿನ. ದಾಳಿಂಬೆ ಹೂವು ಲೋಟದಲ್ಲಿ ನಾಲ್ಕು ದಿನಕ್ಕಿಂತ ನಿಲ್ಲುವುದಿಲ್ಲ ಎಂದು ಊರಿನ ಎಲ್ಲರಿಗೂ ಗೊತ್ತು. ನಾಲ್ಕನೇ ದಿನ ಹೋಗಿ ನೋಡಿದೆ. ದಳಗಳು ಕಳಚಿ ಹಲಗೆಯ ಮೇಲೆ ಪುಡಿಯಾಗಿದ್ದವು. ತೊಟ್ಟಿಲು ಮಾತ್ರ ಗಟ್ಟಿಯಾಗಿ ಕೂತಿತ್ತು. ಐದನೇ ದಿನವೂ ಕೂತಿತ್ತು. ಎಂಟನೇ ದಿನ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹತ್ತಿರ ಹೋದರು.

“ದಳ ಉದುರಿದೆ” ಎಂದರು.

“ಬುಡ ಉದುರಿಲ್ಲವಲ್ಲ ಮೇಷ್ಟ್ರೇ” ಎಂದರು ಮೇಡಮ್.

“ದಳ ಸರಿಯಾಗಿ ನೋಡಿದಾಳೆ.”

“ಬುಡ ಸರಿಯಾಗಿ ನೋಡಿಲ್ಲ. ಅರ್ಧ ಪಾಸು ಅಂತ ಆರ್ಡರ್ ಬರಿಯೋಕಾಗುತ್ತಾ?”

ಬುಡ ಸರಿಯಾಗಿ ನೋಡಿದ್ದೆ. ಅದು ನನಗೆ ಗೊತ್ತಿತ್ತು. ಆದರೆ ನಮ್ಮೂರಿನಲ್ಲಿ ಗೋಡೆ ಹೇಳಿದ್ದಕ್ಕೆ ಎದುರಾಡುವ ರೂಢಿಯಿಲ್ಲ. ಕೆಲಸ ವಿಮಲಿಗೆ ಹೋಯಿತು. ಸದ್ಯಕ್ಕೆ ತಾತ್ಕಾಲಿಕ, ಖಾಯಂ ಆರ್ಡರ್ ದೀಪಾವಳಿ ಕಳೆದ ಮೇಲೆ. ಮನೆಗೆ ಬಂದು ಹೇಳಿದಾಗ ಅಪ್ಪ ದಾರ ಕಡಿಯುತ್ತಿದ್ದವನು, “ಅರ್ಧ ಬಾಡಿತಾ? ನಂದು ಕಾಲುಭಾಗಾನೂ ಬಾಡಿಲ್ಲ ಕಣೆ” ಎಂದು ಹೆಮ್ಮೆಪಟ್ಟ. ಸೋಮವಾರದಿಂದ ಶೆಡ್ಡಿಗೆ ಹೋದೆ.

ಶೆಡ್ಡಿನ ಬಗ್ಗೆ ಹೇಳುವಂಥದ್ದೇನಿಲ್ಲ. ಮೂವತ್ತು ಹೆಂಗಸರು, ಎರಡು ಫ್ಯಾನು, ಕೆಮ್ಮು. ಮೊದಲ ವಾರ ಬೆರಳು ಊದಿಕೊಂಡವು. ಮೂರನೇ ವಾರ ಊದುವುದು ನಿಂತು ಒಡೆಯಲು ಶುರುವಾಯಿತು. ಆರನೇ ವಾರದ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಯ ಆಯಾ ಸಿದ್ದಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಜಗಲಿಯ ಉದುರು ಗುಡಿಸುವುದು ಅವಳ ಕೆಲಸ.

“ಇಂದ್ರವ್ವಾ, ನಿನ್ನ ಚಿತ್ರಾನ ತೆಗ್ದು ಮೂಲೆಗಿಡು ಅಂತ ಅಮ್ಮಾವ್ರು ಹೇಳಿದ್ರು. ನಾನು ಮರ್ತಿದ್ದೆ. ಇವತ್ತು ತೆಗೆಯಾಣ ಅಂತ ಹೋದ್ರೆ ಕೈ ಬರ್ಲಿಲ್ಲ.”

“ಯಾಕೆ?”

“ಬಸುರಿ ಆಗ್ಬಿಟ್ಟದೆ ಕಣವ್ವಾ ನಿನ್ನ ಹೂವು.”

ಶೆಡ್ಡಿನ ಹೆಂಗಸರು ಬಿದ್ದುಬಿದ್ದು ನಕ್ಕರು. ನಾನು ತಟ್ಟೆ ಬಿಟ್ಟು ಎದ್ದೆ.

ತೊಟ್ಟಿಲು ಇದ್ದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕಾಯಿ ಇತ್ತು. ಹಸಿರುಗೆಂಪು. ತಲೆಯ ಮೇಲೆ ಕಿರೀಟ ಹಾಗೇ ಇತ್ತು. ತೊಟ್ಟಿಲಿನಾಚೆ ಕಾಯಿ ಉಬ್ಬಿ ಹರಡಿದ್ದ ಭಾಗದಲ್ಲಿ ನಾನು ಬಣ್ಣ ಹಚ್ಚಿಯೇ ಇರಲಿಲ್ಲ. ಸಿದ್ದಮ್ಮ ನನ್ನ ಕೈ ಹಿಡಿದು ಗಿಡದ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿ ಅದೇ ಕೊಂಬೆಯಲ್ಲಿ, ಅದೇ ಎತ್ತರದಲ್ಲಿ ಅಷ್ಟೇ ಗಾತ್ರದ ಕಾಯಿ. ಎಡಗಡೆ ಅಳಿಲು ಕೆರೆದ ಮೂರು ಗೀರು. ವಾಪಸ್ ಬಂದು ನೋಡಿದರೆ ಚಿತ್ರದಲ್ಲೂ ಎಡಗಡೆ ಮೂರು ಗೀರು.

ನಾನು ಹೂವನ್ನು ಕಿತ್ತಿರಲಿಲ್ಲ. ಅಷ್ಟೇ ವಿಷಯ. ಕೀಳದ ಹೂವು ಏನಾಗುತ್ತದೆ ಎಂದು ಬಾಟನಿ ಪುಸ್ತಕದಲ್ಲಿ ಓದಿದ್ದೆ, ದಿನಾ ಊಟದಲ್ಲಿ ತಿನ್ನುತ್ತಲೂ ಇದ್ದೆ. ಆದರೂ ಹೊಳೆದಿರಲಿಲ್ಲ. ಇಡೀ ಊರಿಗೇ ಹೊಳೆದಿರಲಿಲ್ಲ.

ಸಂಜೆಯೊಳಗೆ ಜಗಲಿ ತುಂಬಿತು. ವೀರಭದ್ರಾಚಾರ್ ಮೇಷ್ಟ್ರು ಹವಾಯಿ ಚಪ್ಪಲಿಯಲ್ಲೇ ಬಂದರು. ಅವರು ನಲವತ್ತು ವರ್ಷ ದಿನಕ್ಕೊಂದರಂತೆ ಬರೆದವರು, ಎಲ್ಲವೂ ಬಾಡಿವೆ. ತೋರಿಸಲು ಅವರ ಬಳಿ ಒಂದು ಹಾಳೆಯೂ ಇಲ್ಲ ಎಂಬುದೇ ಅವರ ದೊಡ್ಡಸ್ತಿಕೆ. ಕಾಯಿಯ ಮುಂದೆ ತುಂಬ ಹೊತ್ತು ನಿಂತರು.

“ಇಷ್ಟು ವರ್ಷ ನಾವು ಹೆಣ ಬರೀತಿದ್ವೇನಮ್ಮಾ?” ಎಂದರು.

“ಹಂಗೆಲ್ಲಾ ಮಾತಾಡ್ಬೇಡಿ ಮೇಷ್ಟ್ರೇ, ಮಕ್ಕಳಿದಾರೆ” ಎಂದರು ಶಕುಂತಳಾ ಮೇಡಮ್.

ಮೇಷ್ಟ್ರು ಪಟ್ಟು ಹಿಡಿದರು. ಇದು ತಪ್ಪು ಚಿತ್ರವಲ್ಲ, ಮುಗಿಯದ ಚಿತ್ರ. ಮುಗಿಯುವ ತನಕ ಕಾಯಬೇಕು. ಕಾಯಿ ಹಣ್ಣಾಗಿ ಬಿರಿದರೆ ಈ ಹುಡುಗಿ ಪೂರ್ತಿ ಸರಿಯಾಗಿ ನೋಡಿದ್ದಾಳೆ ಎಂದರ್ಥ, ಆಗ ಖಾಯಂ ಆರ್ಡರ್ ಅವಳಿಗೇ ಹೋಗಬೇಕು. ದಾಸವಾಳವನ್ನು ಯಾರು ಬೇಕಾದರೂ ಬಾಡಿಸುತ್ತಾರೆ. ಮೇಡಮ್ ನಿಯಮದ ಕಾಗದ ತಿರುವಿ ತಿರುವಿ ನೋಡಿ, ದೀಪಾವಳಿಗೆ ಹೇಗೂ ಹಣ್ಣಾಗುತ್ತದಲ್ಲ, ನೋಡೋಣ ಎಂದರು. ವಿಮಲಿ ಚಾಕ್ ಹಿಡಿದುಕೊಂಡು ಕ್ಲಾಸಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಕ್ಲಾಸು ನಡೆಸತೊಡಗಿ ಆರು ವಾರವಾಗಿತ್ತು. ಮಕ್ಕಳು ಅವಳನ್ನು ಹಚ್ಚಿಕೊಂಡಿದ್ದವು.

ಗೇಟಿನ ಹತ್ತಿರ ಅವಳು ನನ್ನನ್ನು ತಡೆದಳು.

“ಇಂದ್ರಿ, ನಿನ್ನ ಹತ್ರ ಸುತ್ತಿ ಬಳಸಿ ಮಾತಾಡಲ್ಲ. ನಂಗೆ ಈ ಕೆಲಸ ಬೇಕು.”

“ನಂಗೂ ಬೇಕು.”

“ನಿಂಗೆ ಅಪ್ಪ ಇದಾರೆ.”

“ಅಪ್ಪನ್ನ ಇಟ್ಕೊಂಡು ಏನ್ ಬರೀಲಿ? ಕೈ ನೋಡು.”

ಅವಳು ನನ್ನ ಬೆರಳುಗಳನ್ನು ನೋಡಿದಳು. “ಅಯ್ಯೋ” ಅನ್ನಲಿಲ್ಲ. “ಎಣ್ಣೆ ಹಚ್ಚು, ರಾತ್ರಿ ಬಟ್ಟೆ ಸುತ್ಕೋ” ಎಂದು ಹೇಳಿ ಹೋದಳು.

ಆಮೇಲಿನ ಮೂರು ತಿಂಗಳು ಊರು ಆ ಕಾಯಿಗೆ ಹೊಂದಿಕೊಂಡಿತು. ಅಳಿಲು ಬಾರದಂತೆ ಗಿಡದ ಕಾಯಿಗೆ ಸಿದ್ದಮ್ಮ ಹಳೆಯ ಸೊಳ್ಳೆಪರದೆ ಕಟ್ಟಿದಳು. ಮಾರನೆ ದಿನ ಚಿತ್ರದ ಕಾಯಿಯ ಮೇಲೂ ಜಾಲರಿಯ ಸಣ್ಣ ನೆರಳು ಬಿದ್ದಿತ್ತು. ಸಂತೆಗೆ ಬಂದವರು ಜಗಲಿ ಹತ್ತಿ ನೋಡಿ, ಎಷ್ಟು ದಪ್ಪವಾಯಿತೆಂದು ಮುಷ್ಟಿ ಹಿಡಿದು ಹೋಲಿಸಿಕೊಂಡು ಹೋಗುತ್ತಿದ್ದರು. ಹೂವು ಬರೆಯುವ ಹೆಂಗಸರಲ್ಲಿ ಕೆಲವರು ಲೋಟ ಬಿಟ್ಟು ಗಿಡದ ಬುಡಕ್ಕೆ ಮಣೆ ಹಾಕಿದರು. ಕೋಡಿಹಳ್ಳಿ ಬೀದಿಯ ಒಬ್ಬಾಕೆಯ ಗೋಡೆಯಲ್ಲಿ ಹೀರೇಕಾಯಿ ಬಿಟ್ಟು, ಕೊಯ್ಯುವುದು ಮರೆತು ಗಿಡದಲ್ಲೇ ನಾರಾಗಿ, ಚೌಕಟ್ಟು ದಾಟಿ ನೇತಾಡಿತು. ಸೊಸೆ ಬರೆದ ಬದನೆ ಹೂವು ಕಾಯಾಗಿದೆ, ಅತ್ತೆಯದು ಆಗಿಲ್ಲ ಎಂದು ಒಂದು ಮನೆಯಲ್ಲಿ ಮಾತು ಬಿಟ್ಟರು. ಅಪ್ಪನನ್ನೂ ಗಿಡದ ಹತ್ತಿರ ಕೂರಿಸಲು ನೋಡಿದೆ. “ಸೊಂಟ ನೋಯುತ್ತೆ ಹೋಗೆ” ಎಂದ.

ನಾನು ಶೆಡ್ಡಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಗೇಟಿನಿಂದಲೇ ಕಾಯಿ ನೋಡುತ್ತಿದ್ದೆ. ಬೆಳಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲೇ ವಿಮಲಿ ಅಲ್ಲಿರುತ್ತಿದ್ದಳು. ಗಿಡದ ಪಕ್ಕದಲ್ಲೇ ಎಂಟನೇ ಕ್ಲಾಸಿನ ಹುಡುಗಿಯರನ್ನು ಕೂರಿಸಿ ಬರೆಸುತ್ತಿದ್ದಳು. ದಿನವಿಡೀ ಆ ಕಾಯಿ ಅವಳ ಕೈಯಳತೆಯಲ್ಲಿ ಇರುತ್ತಿತ್ತು. ಕಿತ್ತ ಕ್ಷಣಕ್ಕೆ ನನ್ನ ಚಿತ್ರ ಬಿರಿಯುವ ಮಾತು ಮುಗಿಯುತ್ತದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಊರಿನ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಬತ್ತಿ ಹೊಸೆಯುತ್ತ ಎಷ್ಟೋ ದಿನ ಯೋಚಿಸಿದೆ. ಒಳ್ಳೆಯ ಉತ್ತರ ಬರಲಿಲ್ಲ.

ದೀಪಾವಳಿಗೆ ಹದಿನೇಳು ದಿನವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ವಿಮಲಿ ನಮ್ಮ ಮನೆಗೆ ಬಂದಳು. ಅಪ್ಪ ಗಿರಾಕಿಯ ಮನೆಗೆ ಹೋಗಿದ್ದ. ಅವ್ವ ಮಲಗಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಅವಳು ಸೆರಗಿನೊಳಗಿನಿಂದ ಅದನ್ನು ತೆಗೆದು ನನ್ನ ಮೊರದಲ್ಲಿ ಇಟ್ಟಳು. ಎಡಗಡೆ ಮೂರು ಗೀರು.

“ಕಿತ್ತೆ” ಎಂದಳು.

ನಾನು ಮೊರ ನೆಲಕ್ಕಿಟ್ಟೆ.

“ಹಕ್ಕಿ ಕಿತ್ತಿತು ಅಂತ ಹೇಳ್ಬಹುದಿತ್ತು. ಆಗ್ಲಿಲ್ಲ. ಸಣ್ಣ ತಂಗಿ ಹಾಸ್ಟೆಲಿಗೆ ಸೇರಿದಾಳೆ ಕಣೆ. ಓದ್ತಾಳೆ. ಈ ಕೆಲಸ ಹೋದ್ರೆ ಅವಳನ್ನ ವಾಪಸ್ ಕರೀಬೇಕು.”

“ನೀನು ಮನುಷ್ಯಳಾ?”

“ಅಲ್ಲ ಅನ್ಕೋ. ಬೇಕಾದ್ರೆ ಇದನ್ನ ಹಿಂಗೇ ತಗೊಂಡು ಹೋಗಿ ಮೇಡಮ್‌ಗೆ ತೋರ್ಸು. ವಿಮಲಿ ಕಿತ್ತಳು ಅಂತ ಹೇಳು. ನಾನು ಇಲ್ಲ ಅನ್ನಲ್ಲ.”

ಅವಳು ಹೊಸ್ತಿಲ ಮೇಲೆ ಕೂತಳು. ಓಡಿಹೋಗಲಿಲ್ಲ, ಅಳಲೂ ಇಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದೆ. ಭಾರವಿತ್ತು. ಶಾಲೆಗೆ ಹತ್ತು ನಿಮಿಷದ ದಾರಿ. ಮೇಡಮ್ ಮನೆ ಶಾಲೆಯ ಹಿಂದೆಯೇ. ಕಿತ್ತ ಹಣ್ಣು ಇನ್ನೂ ಹಸಿಯಾಗಿತ್ತು, ತೊಟ್ಟು ಒದ್ದೆಯಾಗಿತ್ತು. ಮೇಷ್ಟ್ರನ್ನು ಕರೆದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಚಪ್ಪಲಿ ಹುಡುಕಲೆಂದು ಎದ್ದ ನೆನಪಿದೆ.

ಆದರೆ ಒಂದು ಸಂಗತಿ ನನ್ನನ್ನು ಮೂರು ತಿಂಗಳಿಂದಲ್ಲ, ಆ ದಾಳಿಂಬೆಯ ಎದುರು ಕೂತ ದಿನದಿಂದ ಕಾಡುತ್ತಿತ್ತು. ಹೊರಗಿನದನ್ನೆಲ್ಲ ನೋಡಿ ಬರೆದಿದ್ದೆ. ಒಳಗೆ ಏನಿದೆ ಎಂದು ನೋಡಿರಲಿಲ್ಲ. ಮೇಡಮ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಸಾಕ್ಷಿಯೆಂದು ಇಟ್ಟ ಹಣ್ಣನ್ನು ಯಾರೂ ಒಡೆಯುವುದಿಲ್ಲ.

ಹೊಸ್ತಿಲಿನ ಕಲ್ಲಿಗೆ ಒಂದು ಏಟು ಹಾಕಿದೆ. ಎರಡು ಹೋಳಾಯಿತು.

“ಏಯ್! ಏನ್ ಮಾಡ್ದೆ?” ವಿಮಲಿ ಎದ್ದು ನಿಂತಳು. “ಇನ್ನು ತೋರ್ಸೋಕೆ ಏನಿದೆ?”

“ಸುಮ್ನಿರು. ನೋಡು.”

ಕಾಳುಗಳು ಕೆಂಪಗಿರಲಿಲ್ಲ. ಬುಡದಲ್ಲಿ ಗಾಜಿನಂತೆ ಬಿಳಿ, ತುದಿಗೆ ಬರುತ್ತಾ ಬರುತ್ತಾ ಗುಲಾಬಿ, ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಗುಲಾಬಿ. ಮಧ್ಯೆ ಹಳದಿ ಪೊರೆ, ತೇವದ ಕಾಗದದ ಹಾಗೆ. ಒಂದೊಂದು ಕಾಳಿನೊಳಗೂ ಬೀಜದ ಮಸುಕು ನೆರಳು.

“ಈ ಗುಲಾಬಿ ಹೇಗೆ ಕಲಸ್ತೀಯ?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಹುಚ್ಚು ಹಿಡಿಯಿತೇನೋ ಅಂದುಕೊಂಡಿರಬೇಕು. ಆಮೇಲೆ ಬಗ್ಗಿ ಹೋಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

“ಕಲಸಬಾರದು” ಎಂದಳು. “ಮೊದ್ಲು ನೀರು ಬಿಡ್ಬೇಕು. ಒದ್ದೆ ಇರೋವಾಗ್ಲೇ ತುದೀಲಿ ಒಂದು ಚುಕ್ಕಿ. ಅದೇ ಕೆಳಗಿಳಿಯುತ್ತೆ.”

“ಪೂರ್ತಿ ಇಳಿದುಬಿಟ್ರೆ?”

“ಹಾಳೆ ಓರೆ ಹಿಡ್ಕೋ.”

ಬಣ್ಣದ ಡಬ್ಬಿ ತಂದೆ. ನಾಲ್ಕೈದು ತಿಂಗಳಿಂದ ಮುಟ್ಟಿರಲಿಲ್ಲ, ಬಿಲ್ಲೆಗಳು ಬಿರುಕುಬಿಟ್ಟಿದ್ದವು. ಅಪ್ಪನ ಕಟ್ಟಿನಿಂದ ಎರಡು ಹಾಳೆ ತೆಗೆದೆ. ನಡುವೆ ಮೊರ, ಮೊರದಲ್ಲಿ ಎರಡು ಹೋಳು, ಆಚೆ ಅವಳು, ಈಚೆ ನಾನು. ನನ್ನ ಬೆರಳು ಬ್ರಷ್ಷಿಗೆ ಒಗ್ಗಲು ಅರ್ಧ ಗಂಟೆ ಹಿಡಿಯಿತು. ಮೊದಲ ನಾಲ್ಕು ಕಾಳು ಗೊಜ್ಜಾದವು. ಐದನೆಯದರಲ್ಲಿ ಚುಕ್ಕಿ ಹೇಳಿದ ಹಾಗೆ ಇಳಿಯಿತು. ಅವಳು ಕತ್ತು ಚಾಚಿ ನೋಡಿ, “ಹ್ಞಾಂ, ಬಂತು” ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ. ಒಳ್ಳೆಯ ಟೀಚರ್ ಇವಳು ಎಂದು ಆಗ ಗೊತ್ತಾಯಿತು. ಗೊತ್ತಾಗಿದ್ದು ನನಗೆ ಇಷ್ಟವೇನೂ ಆಗಲಿಲ್ಲ.

ನಡುವೆ ಅವ್ವ ಎದ್ದು ಬಂದು ಇಬ್ಬರನ್ನೂ, ಹೋಳನ್ನೂ ನೋಡಿದಳು. ಚಹಾಕ್ಕೆ ನೀರಿಟ್ಟಳು.

ಮರುದಿನ ಸಿದ್ದಮ್ಮ ಹೇಳಿದಳು: ಜಗಲಿಯ ಚಿತ್ರ ಭಾನುವಾರ ಮಧ್ಯಾಹ್ನ ಒಂದೇ ಸಲಕ್ಕೆ ಉದುರಿತಂತೆ, ಹಲಗೆ ಸಾಲದೆ ನೆಲದ ಮೇಲೆಲ್ಲ ಕೆಂಪು. ಯಾರು ಕಿತ್ತದ್ದೆಂದು ಮೇಡಮ್ ಕೇಳಿದಾಗ, ಒಡೆದವಳು ನಾನು ಎಂದೆ. ಅದು ಸುಳ್ಳಲ್ಲ. ವೀರಭದ್ರಾಚಾರ್ ಮೇಷ್ಟ್ರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ದೀಪಾವಳಿ ಕಳೆದ ಸೋಮವಾರ ವಿಮಲಿಯ ಆರ್ಡರ್ ಬಂತು.

ಇವೆಲ್ಲ ಆಮೇಲಿನ ಮಾತು. ಆ ಭಾನುವಾರ ಬೆಳಕು ಇಳಿಯುವ ಹೊತ್ತಿಗೆ ಇಬ್ಬರೂ ಬ್ರಷ್ ಕೆಳಗಿಟ್ಟೆವು. ಎರಡು ಹಾಳೆ ಪಕ್ಕಪಕ್ಕ ಒಣಗುತ್ತಿದ್ದವು. ಅವಳು ಮೊರದಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ಅವಳ ಹಾಳೆಯಲ್ಲಿ ಒಂದು ಕಾಳು ಮಾಯವಾಯಿತು. ನನ್ನ ಹಾಳೆಯಲ್ಲೂ ಅದೇ ಜಾಗದ ಕಾಳು ಮಾಯವಾಯಿತು.

“ಹೆಂಗಿದೆ?” ಎಂದೆ.

“ಹುಳಿ. ಇನ್ನೂ ಹದಿನೈದು ದಿನ ಬೇಕಿತ್ತು.”

“ನನ್ನ ಕಡೆ ಹೋಳು ಕೊಡು.”

ಹಾಳೆ ಬೆಳ್ಳಗಾಗುವ ತನಕ ತಿಂದೆವು.